ಅವ್ವನ ಹೆಸರಿಗೇ ಬರುವ ಬಡ್ಡಿ: ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಹೇಗಿದೆ?

ಅರವತ್ತು ದಾಟಿದ ಹೆಣ್ಣುಮಗಳ ಕೈಗೆ ಒಂದಿಷ್ಟು ದೊಡ್ಡ ದುಡ್ಡು ಬಂದಿದೆ, ಅದನ್ನು ಎಲ್ಲಿಡಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ ಅಂದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಮೊದಲು ನೋಡಿ. ಐದಕ್ಕೆ ನಾನು ನಾಲ್ಕೂವರೆ ಅಂಕ ಕೊಡುತ್ತೇನೆ. ಬಡ್ಡಿ ಚೆನ್ನಾಗಿದೆ, ಸರ್ಕಾರದ ಭರವಸೆ ಇದೆ, ಅದೆಲ್ಲ ಸರಿ. ಆದರೆ ನನಗೆ ಇಷ್ಟವಾದದ್ದು ಬೇರೆ. ಖಾತೆ ಆಕೆಯ ಹೆಸರಲ್ಲೇ ಇರುತ್ತದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಆಕೆಗೇ ಬರುತ್ತದೆ, ಖರ್ಚು ಮಾಡಲು ಯಾರನ್ನೂ ಕೇಳಬೇಕಾಗಿಲ್ಲ. ಹೆಂಗಸರ ಮುಪ್ಪಿನ ಕಾಲದ ದುಡ್ಡಿಗೆ ಅಂತ ಯಾವ ಯೋಜನೆ ಕಂಡರೂ ನಾನು ಈಗ ಇದೇ ಅಳತೆಯಲ್ಲಿ ನೋಡುತ್ತೇನೆ.

ನಾವು ಬಾಗಲಕೋಟೆಯವರು, ಮನೆ ನವನಗರದಲ್ಲಿ. ಅಪ್ಪ ಹಳೆ ಊರಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಮದುವೆ ಸೀಸನ್‌ನಲ್ಲಿ ಜಾಸ್ತಿ ವ್ಯಾಪಾರ. ಅಂಗಡಿ ಮಾಡಿದವರಿಗೆ ಪಿಂಚಣಿ ಎಲ್ಲಿಂದ ಬರಬೇಕು? ಅವರು ತೀರಿಕೊಂಡ ಮೇಲೆ ಅಂಗಡಿ ಮಾರಿದೆವು, ಅವ್ವನ ಪಾಲಿಗೆ 12 ಲಕ್ಷ ಬಂತು. ಅವಳಿಗೆ ಆಗ 64 ವರ್ಷ. ನಾಲ್ಕನೇ ಇಯತ್ತೆವರೆಗೆ ಓದಿದ್ದಾಳೆ, ಕನ್ನಡ ಓದುತ್ತಾಳೆ, ಸಹಿ ಮಾಡುತ್ತಾಳೆ. ಆ 12 ಲಕ್ಷವೇ ಅವಳ ಉಳಿದ ಬದುಕಿನ ಆಧಾರ.

ದುಡ್ಡು ಬಂದ ಕೂಡಲೇ ಸಲಹೆ ಕೊಡುವವರು ಮನೆ ತುಂಬಾ ಸೇರಿದರು. ಅಣ್ಣ ಪ್ಲಾಟ್ ತೆಗೆದುಕೊಳ್ಳೋಣ ಅಂದ. ಸೋದರಮಾವ ತಮ್ಮ ಪರಿಚಯದ ಸೊಸೈಟಿಯಲ್ಲಿ ಎರಡು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ ಅಂದರು. ಅವ್ವ ಎಲ್ಲರ ಮಾತಿಗೂ ತಲೆ ಆಡಿಸುತ್ತಾ ಕೂತಿದ್ದಳು. ಅವಳಿಗೆ ಏನು ಬೇಕು ಅಂತ ಕೇಳಿದಾಗ ಹೇಳಿದ್ದು ಒಂದೇ ಮಾತು: "ನನಗ ತಿಂಗಳಾ ಔಷಧಕ್ಕ, ಕೈಖರ್ಚಿಗೆ ಯಾರ ಮುಂದೂ ಕೈ ಚಾಚೂದು ಬ್ಯಾಡವ್ವಾ." ಪ್ಲಾಟ್‌ನಿಂದ ಔಷಧಿ ಬರುವುದಿಲ್ಲ, ಅಲ್ವಾ? ಆ ಮಾತು ಅಲ್ಲಿಗೇ ಮುಗಿಯಿತು.

ಸೊಸೈಟಿ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ, ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಹೆಂಗಸರ ದುಡ್ಡು ಹೆಚ್ಚಾಗಿ ಹೋಗುವುದು ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದಗಳಿಗೆ. ಮನೆಗೇ ಬಂದು ಪಿಗ್ಮಿ ತುಂಬಿಸಿಕೊಂಡು ಹೋಗುತ್ತಾರೆ, ಗುರುತಿನವರು ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಹೀಗಾಗಿ ಅಲ್ಲಿ ಅಂಜಿಕೆ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ. ಆದರೆ ಒಂದು ವ್ಯತ್ಯಾಸ ಗೊತ್ತಿರಲಿ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕ್ ಆಗಿದ್ದರೂ ಸರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿಯವರೆಗೆ ಅದು ಬರೀ 1 ಲಕ್ಷ ಇತ್ತು. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕ್ ಅಲ್ಲ, ಅವಕ್ಕೆ ಈ ವಿಮೆ ಇಲ್ಲ. ಪಿಗ್ಮಿ ಕಟ್ಟಿ, ಸಣ್ಣ ಪುಟ್ಟ ಠೇವಣಿ ಇಡಿ, ತಪ್ಪಿಲ್ಲ. ಮುಪ್ಪಿಗೆ ಅಂತ ಇರುವ ಒಂದೇ ಗಂಟನ್ನು ಎರಡು ಪರ್ಸೆಂಟಿನ ಆಸೆಗೆ ಅಲ್ಲಿಡುವುದು ನನಗೆ ಒಪ್ಪಿಗೆ ಇಲ್ಲ. ಸೋದರಮಾವನಿಗೂ ಇದನ್ನೇ ಹೇಳಿದೆ, ಅವರಿಗೆ ಬೇಜಾರಾಯಿತು, ಆದರೂ ಹೇಳಿದೆ.

ಆಮೇಲೆ ಒಂದು ಬ್ಯಾಂಕಿಗೆ ಹೋದೆವು. ಹೆಸರು ಬೇಡ. ಎಫ್‌ಡಿ ಮಾಡಬೇಕು ಅಂತ ಕೇಳಿದರೆ ಒಳಗೆ ಕರೆದು ಕೂರಿಸಿ ಚಹಾ ಕೊಟ್ಟು, "ಎಫ್‌ಡಿಗಿಂತ ಚಲೋದು ಐತ್ರಿ" ಅಂತ ಒಂದು ಕಾಗದ ಮುಂದಿಟ್ಟರು. ನೋಡಿದರೆ ಅದು ವಿಮಾ ಪಾಲಿಸಿ. ಹತ್ತು ವರ್ಷ ಪ್ರತಿ ವರ್ಷ ಪ್ರೀಮಿಯಂ ಕಟ್ಟಬೇಕು. ದುಡಿಮೆ ಇಲ್ಲದ 64ರ ಹೆಂಗಸಿಗೆ ಹತ್ತು ವರ್ಷದ ಕಂತು! ಅವ್ವ ಆಗಲೇ ಪೆನ್ನು ಹಿಡಿದಿದ್ದಳು, ಯಾಕೆಂದರೆ ಎದುರಿಗೆ ಕೂತವರು ಅಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದರು. ನಮ್ಮ ಹೆಂಗಸರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಇಷ್ಟು ಚಹಾ ಕೊಟ್ಟವರಿಗೆ ಒಲ್ಲೆ ಅನ್ನುವುದು ಹೇಗೆ ಅನ್ನುವ ಸಂಕೋಚದಲ್ಲಿ. ಒಲ್ಲೆ ಅನ್ನಬಹುದು. ಈಗಾಗಲೇ ಸಹಿ ಹಾಕಿ ಬಂದಿದ್ದರೂ ಗಾಬರಿ ಬೇಡ. ಜೀವ ವಿಮೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟು ವಾಪಸ್ ಮಾಡುವ ಹಕ್ಕಿದೆ, ಸಣ್ಣ ಖರ್ಚುಗಳನ್ನು ಮುರಿದುಕೊಂಡು ಉಳಿದ ದುಡ್ಡು ಕೊಡುತ್ತಾರೆ. ಬರೆದುಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಆದ ಮೇಲೆ ಅಂಚೆ ಕಚೇರಿ. ಈ ಯೋಜನೆ ಹೊಸದಲ್ಲ, 2004ರಿಂದ ಇದೆ. 60 ತುಂಬಿರಬೇಕು. ಕಡಿಮೆ ಅಂದರೆ 1000 ರೂಪಾಯಿ, ಹೆಚ್ಚು ಅಂದರೆ 30 ಲಕ್ಷ ಇಡಬಹುದು. 2023ರ ಏಪ್ರಿಲ್‌ಗಿಂತ ಮುಂಚೆ ಈ ಮಿತಿ 15 ಲಕ್ಷ ಇತ್ತು. ಅವಧಿ ಐದು ವರ್ಷ. ನಾವು ಇಟ್ಟಾಗ ಬಡ್ಡಿ ಶೇ 8.2. ಸರ್ಕಾರ ಮೂರು ತಿಂಗಳಿಗೊಮ್ಮೆ ಸಣ್ಣ ಉಳಿತಾಯದ ದರ ನೋಡುತ್ತದೆ, ಏರಿಸಬಹುದು, ಇಳಿಸಬಹುದು, ಆದರೆ ನೀವು ಖಾತೆ ತೆರೆದ ದಿನ ಯಾವ ದರ ಇತ್ತೋ ಅದೇ ದರ ಐದು ವರ್ಷ ಪೂರ್ತಿ ನಿಮಗೆ ಸಿಗುತ್ತದೆ. ಇದು ತುಂಬಾ ದೊಡ್ಡ ಸಮಾಧಾನ. ಅಂದಹಾಗೆ ಇದೇ ಖಾತೆಯನ್ನು ಬ್ಯಾಂಕುಗಳಲ್ಲೂ ತೆರೆಯಬಹುದು, ದರ ಒಂದೇ.

ಅಣ್ಣನೂ ಜೊತೆಗೆ ಬಂದಿದ್ದ. ಖಾತೆಗೆ ತನ್ನ ಹೆಸರನ್ನೂ ಸೇರಿಸಿ ಅಂತ ಕೌಂಟರ್‌ನಲ್ಲಿ ಕೇಳಿದ. ಕೆಟ್ಟ ಮನಸ್ಸಿನಿಂದ ಅಲ್ಲ, ನಾಳೆ ಅವ್ವನಿಗೆ ಓಡಾಡಲು ಆಗದಿದ್ದರೆ ಅನ್ನುವ ಚಿಂತೆ ಅವನದು. ಕೌಂಟರ್‌ನಲ್ಲಿದ್ದ ಹೆಣ್ಣುಮಗಳು ತುಂಬಾ ಶಾಂತವಾಗಿ ಹೇಳಿದಳು: "ಇಲ್ರಿ ಅಣ್ಣಾರ, ಇದರಾಗ ಜಾಯಿಂಟ್ ಅಂದ್ರ ಗಂಡ-ಹೆಂಡತಿ ಅಷ್ಟ. ಮಕ್ಕಳ ಹೆಸರು ನಾಮಿನಿಗೆ ಹಾಕ್ಬಹುದ್ರಿ." ನಿಯಮ ಹಾಗೇ ಇದೆ. ಗಂಡ ಅಥವಾ ಹೆಂಡತಿಯ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಇಲ್ಲಿ ಜಂಟಿ ಖಾತೆ ಇಲ್ಲ. ಗಂಡನಿಲ್ಲದ ಹೆಂಗಸಿಗೆ ಈ ಒಂದು ನಿಯಮ ಎಷ್ಟು ದೊಡ್ಡ ಆಸರೆ ಅನ್ನುವುದು ನನಗೆ ಹೊಳೆದದ್ದು ಅಲ್ಲಿ ನಿಂತಾಗ. ಮಗನಿಗೆ ಬೇಡ ಅಂತ ತಾಯಿ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವಳ ಪರವಾಗಿ ನಿಯಮವೇ ಹೇಳುತ್ತದೆ. ನಾಮಿನಿಗೆ ನಮ್ಮಿಬ್ಬರ ಹೆಸರನ್ನೂ ಅರ್ಧರ್ಧ ಹಾಕಿಸಿದಳು. ಅಣ್ಣನಿಗೂ ಸಮಾಧಾನವಾಯಿತು.

ಲೆಕ್ಕ ನೋಡಿ. ಒಂದು ಲಕ್ಷಕ್ಕೆ ಮೂರು ತಿಂಗಳಿಗೆ 2,050 ರೂಪಾಯಿ. 12 ಲಕ್ಷಕ್ಕೆ 24,600. ತಿಂಗಳಿಗೆ ಹಂಚಿದರೆ 8,200. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಶುರುವಿನಲ್ಲಿ ಅದೇ ಅಂಚೆ ಕಚೇರಿಯ ಉಳಿತಾಯ ಖಾತೆಗೆ ತಾನಾಗಿಯೇ ಜಮಾ ಆಗುತ್ತದೆ, ಅರ್ಜಿ ಹಾಕುವಾಗಲೇ ಹಾಗೆ ಬರೆದುಕೊಟ್ಟರೆ ಸಾಕು. ಅವ್ವ ಈ ಲೆಕ್ಕವನ್ನು ಬಾಯಲ್ಲೇ ಹಿಡಿದುಬಿಟ್ಟಳು, "ಸಾವಿರಕ್ಕ ಇಪ್ಪತ್ತೂವರಿ" ಅಂತ. ಈಗ ಓಣಿಯಲ್ಲಿ ಯಾರು ಕೇಳಿದರೂ ಅವಳೇ ಲೆಕ್ಕ ಹಾಕಿ ಹೇಳುತ್ತಾಳೆ, ನಿನ್ನ ಮೂರು ಲಕ್ಷಕ್ಕೆ ಇಷ್ಟು ಬರುತ್ತದೆ, ನಿನ್ನ ಐದಕ್ಕೆ ಇಷ್ಟು ಅಂತ.

ಕೌಂಟರ್‌ನವಳು ಹೇಳಿದ ಇನ್ನೊಂದು ಮಾತು ಬಹಳ ಉಪಯೋಗಕ್ಕೆ ಬಂತು. ಪೂರ್ತಿ 12 ಲಕ್ಷವನ್ನು ಒಂದೇ ಖಾತೆಯಲ್ಲಿ ಇಡಬೇಡಿ, ಎರಡು ಮಾಡಿ ಅಂದಳು. ಒಟ್ಟು ಮಿತಿಯೊಳಗೆ ಎಷ್ಟು ಖಾತೆ ಬೇಕಾದರೂ ಇರಬಹುದು. ನಾವು 8 ಲಕ್ಷದ್ದೊಂದು, 4 ಲಕ್ಷದ್ದೊಂದು ಮಾಡಿಸಿದೆವು. ಯಾಕೆಂದರೆ ಅವಧಿಗೆ ಮುಂಚೆ ಮುರಿಸಿದರೆ ದಂಡ ಇದೆ. ಒಂದು ವರ್ಷದೊಳಗೆ ಮುರಿಸಿದರೆ ಬಡ್ಡಿಯೇ ಇಲ್ಲ, ಕೊಟ್ಟ ಬಡ್ಡಿಯನ್ನೂ ಅಸಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಒಂದರಿಂದ ಎರಡು ವರ್ಷದ ನಡುವೆ ಆದರೆ ಅಸಲಿನ ಶೇ 1.5, ಎರಡು ವರ್ಷದ ನಂತರ ಶೇ 1 ಮುರಿದುಕೊಳ್ಳುತ್ತಾರೆ. 12 ಲಕ್ಷ ಒಂದೇ ಖಾತೆಯಲ್ಲಿದ್ದು ಮೂರನೇ ವರ್ಷದಲ್ಲಿ ಆಸ್ಪತ್ರೆಗೆ ಅಂತ ಮುರಿಸಿದರೆ 12,000 ಹೋಗುತ್ತದೆ, ಬಡ್ಡಿಯೂ ಪೂರ್ತಿ ನಿಂತುಹೋಗುತ್ತದೆ. ನಮ್ಮ ಹಾಗೆ ಮಾಡಿದರೆ 4 ಲಕ್ಷದ್ದನ್ನು ಮಾತ್ರ ಮುರಿಸಬಹುದು, ದಂಡ 4,000, ದೊಡ್ಡ ಖಾತೆಯ 16,400 ರೂಪಾಯಿ ಬಡ್ಡಿ ಬರುತ್ತಲೇ ಇರುತ್ತದೆ.

ಈಗ ಫೋನಿನ ವಿಷಯ. ಇದನ್ನು ಎಲ್ಲರೂ ಹಗುರವಾಗಿ ಬಿಡುತ್ತಾರೆ, ನನಗೆ ಇದೇ ಮುಖ್ಯ. ಅವ್ವನ ಆಧಾರ್‌ಗೆ ಯಾರ ನಂಬರ್ ಜೋಡಿಸಿದೆ ಅಂತ ನೋಡಿದರೆ ಅಣ್ಣನದು. ಹಳೆ ಬ್ಯಾಂಕ್ ಖಾತೆಗೆ ಅಪ್ಪನದು, ಆ ಸಿಮ್ ಯಾವಾಗಲೋ ಬಂದ್ ಆಗಿತ್ತು. ಗ್ಯಾಸ್ ಬುಕಿಂಗ್‌ಗೆ ನನ್ನದು. ಅವಳ ಹೆಸರಿನ ದುಡ್ಡು ಹೋದರೂ ಬಂದರೂ ಮೆಸೇಜ್ ಬೇರೆಯವರ ಫೋನಿಗೆ! ಒಂದು ಸಾದಾ ಬಟನ್ ಫೋನ್ ಕೊಡಿಸಿ, ಅವಳ ಹೆಸರಲ್ಲೇ ಸಿಮ್ ತೆಗೆಸಿ, ಆಧಾರ್‌ನಲ್ಲೂ ಅಂಚೆ ಖಾತೆಯಲ್ಲೂ ಆ ನಂಬರನ್ನೇ ಹಾಕಿಸಿದೆವು. ಓಟಿಪಿ ಅಂದರೆ ಮನೆಯ ಬೀಗದ ಕೈ ಇದ್ದ ಹಾಗೆ, ಕೇಳಿದವರಿಗೆಲ್ಲ ಕೊಡುವುದಲ್ಲ ಅಂತ ಹೇಳಿಕೊಟ್ಟೆ. ಬ್ಯಾಂಕಿನವರು ಅಂತ ಹೇಳಿಕೊಂಡು ಯಾರೇ ಫೋನ್ ಮಾಡಿ ಕೇಳಿದರೂ ಇಡು ಅಂದುಬಿಡಬೇಕು. ಮೊದಲ ಬಡ್ಡಿ ಜಮಾ ಆದಾಗ ಮೆಸೇಜ್ ಇಂಗ್ಲಿಷ್‌ನಲ್ಲಿ ಬಂತು, ಆದರೆ ಅಂಕಿ ಎಲ್ಲ ಭಾಷೆಗೂ ಒಂದೇ ತಾನೇ. ಅವಳೇ ಓದಿ ನನಗೆ ಫೋನ್ ಮಾಡಿದಳು.

ಒಂದು ವಿಷಯ ನನಗೆ ಯಾವಾಗಲೂ ಮನಸ್ಸಿಗೆ ಹತ್ತುತ್ತದೆ. ನಮ್ಮ ಅವ್ವ ಓಣಿಯ ಭಿಶಿ, ಅಂದರೆ ಚೀಟಿ ನಡೆಸುತ್ತಾಳೆ. ವರ್ಷಗಟ್ಟಲೆ ನಡೆಸಿದ್ದಾಳೆ. ಯಾರು ಎತ್ತಿದ್ದಾರೆ, ಯಾರು ಬಾಕಿ, ಯಾರು ಮಗಳ ಬಾಣಂತನಕ್ಕೆ ಅಂತ ನಂಬರ್ ಬದಲಿ ಮಾಡಿಕೊಂಡರು, ಎಲ್ಲವೂ ತಲೆಯಲ್ಲಿ. ಒಂದು ರೂಪಾಯಿ ಆಚೆ ಈಚೆ ಆಗಿಲ್ಲ. ಅಷ್ಟು ಜನರ ದುಡ್ಡನ್ನು ನಿಭಾಯಿಸುವವಳು ತನ್ನದೇ 12 ಲಕ್ಷದ ಮುಂದೆ "ನನಗೇನ ತಿಳೀತೈತಿ" ಅಂತ ಕೂತಿದ್ದಳು. ಹೆಂಗಸರಿಗೆ ಲೆಕ್ಕ ಬರುವುದಿಲ್ಲ ಅನ್ನುವುದು ಸುಳ್ಳು. ಅಂಜಿಕೆ ಇರುವುದು ಗಾಜಿನ ಕೌಂಟರ್‌ಗೆ, ಇಂಗ್ಲಿಷ್ ಫಾರ್ಮ್‌ಗೆ, ಹಿಂದೆ ನಿಂತವರು ಬೇಗ ಬೇಗ ಅನ್ನುವುದಕ್ಕೆ. ಹೀಗಾಗಿ ನಾನು ಫಾರ್ಮ್ ತುಂಬಿಕೊಟ್ಟೆ, ಆದರೆ ಕೌಂಟರ್ ಮುಂದೆ ನಿಲ್ಲಲಿಲ್ಲ. ಬೆಂಚಿನ ಮೇಲೆ ಕೂತೆ. ಚೆಕ್ ಕೊಟ್ಟಿದ್ದು, ಸಹಿ ಮಾಡಿದ್ದು, ಪಾಸ್‌ಬುಕ್‌ನಲ್ಲಿ ಹೆಸರು, ಮೊತ್ತ ಸರಿ ಇದೆಯಾ ಅಂತ ಓದಿ ನೋಡಿದ್ದು ಎಲ್ಲ ಅವಳೇ. ನಿಮ್ಮ ಮನೆಯ ಹಿರಿಯರ ಜೊತೆ ಹೋಗುವವರು ಇದೊಂದನ್ನು ದಯವಿಟ್ಟು ಮಾಡಿ.

ಅರ್ಧ ಅಂಕ ಯಾಕೆ ಕಡಿಮೆ ಕೊಟ್ಟೆ ಅಂದರೆ, ಬಡ್ಡಿ ತಿಂಗಳಿಗೊಮ್ಮೆ ಬರುವುದಿಲ್ಲ. ತಿಂಗಳ ಖರ್ಚಿನವರಿಗೆ ಮೂರು ತಿಂಗಳು ದೂರ. ಅವ್ವ ಬಂದದ್ದನ್ನು ಮೂರು ಭಾಗ ಮಾಡಿಕೊಳ್ಳುತ್ತಾಳೆ, ಎಲ್ಲರಿಗೂ ಅದು ಆಗಲಿಕ್ಕಿಲ್ಲ. ಬಡ್ಡಿ ತೆಗೆಯದೆ ಬಿಟ್ಟರೆ ಅದರ ಮೇಲೆ ಈ ಯೋಜನೆಯ ಬಡ್ಡಿ ಬೆಳೆಯುವುದಿಲ್ಲ. ಬೆಲೆ ಎಷ್ಟೇ ಏರಲಿ, ಐದನೇ ವರ್ಷವೂ ಅದೇ 24,600. ಬಡ್ಡಿ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆದರೆ 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರಿಗೆ ವರ್ಷಕ್ಕೆ 1 ಲಕ್ಷದವರೆಗಿನ ಬಡ್ಡಿಗೆ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ, ನಮ್ಮದು 98,400, ಹೀಗಾಗಿ ಬಚಾವ್. ಇನ್ನು ಸಹಿ. ಚೆಕ್‌ನಲ್ಲಿ ಒಂದು ತರಹ, ಅರ್ಜಿಯಲ್ಲಿ ಇನ್ನೊಂದು ತರಹ ಇದ್ದರೆ ಎಲ್ಲಿ ಹೋದರೂ ಕೆಲಸ ನಿಲ್ಲುತ್ತದೆ. ಕೈ ನಡುಗುವ ವಯಸ್ಸಿನವರು ಮನೆಯಲ್ಲೇ ನಾಲ್ಕು ಸಲ ಬರೆದು ರೂಢಿ ಮಾಡಿಕೊಂಡು ಹೋಗುವುದು ಒಳ್ಳೆಯದು.

ಆದರೂ ನಾಲ್ಕೂವರೆ ಯಾಕೆ ಅನ್ನುವುದು ಬಾಗಲಕೋಟೆಯವರಿಗೆ ಹೇಳಿದರೆ ಬೇಗ ತಿಳಿಯುತ್ತದೆ. ನಾವು ಮುಳುಗಡೆ ಕಂಡ ಊರಿನವರು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆ ಊರಿನ ಅರ್ಧ ಹೋಗಿ, ನವನಗರದ ಸೆಕ್ಟರ್‌ಗಳಿಗೆ ಬಂದು ಕೂತವರು. ಪರಿಹಾರದ ದುಡ್ಡು ಗಂಟಾಗಿ ಬಂದಾಗ ಏನಾಗುತ್ತದೆ ಅನ್ನುವುದನ್ನು ಓಣಿ ಓಣಿಯಲ್ಲಿ ನೋಡಿದ್ದೇವೆ. ಒಂದು ಗಾಡಿ, ಒಂದು ಮದುವೆ, ಅರ್ಧಕ್ಕೆ ನಿಂತ ಒಂದು ಮನೆ, ಯಾರಿಗೋ ಕೈಗಡ. ಗಂಟಾಗಿ ಬಂದ ದುಡ್ಡು ಮನೆಯವರೆಲ್ಲರದ್ದಾಗುತ್ತದೆ, ಹೆಂಗಸಿನದ್ದು ಮಾತ್ರ ಆಗುವುದಿಲ್ಲ. ಕಂತಿನಲ್ಲಿ, ತನ್ನ ಹೆಸರಿಗೆ ಬರುವ ದುಡ್ಡು ಅವಳ ಹತ್ತಿರ ಉಳಿಯುತ್ತದೆ.

ಈಗ ಇನ್ನೊಂದು ಸುತ್ತು ಬರುತ್ತಿದೆ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಗೆ ಹೋಗುವ ಜಮೀನಿಗೆ ನೀರಾವರಿ ಆದರೆ ಎಕರೆಗೆ 40 ಲಕ್ಷ, ಒಣ ಬೇಸಾಯ ಆದರೆ 30 ಲಕ್ಷ ಅಂತ ರಾಜ್ಯದ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನ ಮಾಡಿದೆ. ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆಯ ಹಳ್ಳಿಗಳಿವೆ ಇದರಲ್ಲಿ. ಅಕ್ಕಂದಿರೇ, ತಂಗಿಯರೇ, ಜಮೀನಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಿಮ್ಮ ಹೆಸರಿದೆಯಾ ನೋಡಿಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಹಕ್ಕು ಬಿಟ್ಟುಕೊಡುವ ಕಾಗದ ಮುಂದೆ ಬಂದರೆ ಓದದೆ ಸಹಿ ಮಾಡಬೇಡಿ. ಪಾಲು ಬಂದರೆ ಅದರಲ್ಲಿ ಒಂದು ಭಾಗ, ನಿಮ್ಮದೇ ಹೆಸರಲ್ಲಿ, ಹೀಗೆ ಕಂತು ಕೊಡುವ ಜಾಗದಲ್ಲಿ ಇಡಿ.

60 ತುಂಬದವರು ಏನು ಮಾಡಬೇಕು ಅಂತ ಕೇಳುತ್ತೀರಿ. ಕೈಯಲ್ಲಿ ಮೊತ್ತ ಇದ್ದರೆ ಅಂಚೆ ಕಚೇರಿಯದ್ದೇ ಮಾಸಿಕ ಆದಾಯ ಯೋಜನೆ ಇದೆ. ನಾನು ವಿಚಾರಿಸಿದಾಗ ಬಡ್ಡಿ ಶೇ 7.4 ಇತ್ತು, ಒಬ್ಬರ ಹೆಸರಲ್ಲಿ 9 ಲಕ್ಷದವರೆಗೆ ಇಡಬಹುದು, ಅಷ್ಟಿಟ್ಟರೆ ತಿಂಗಳಿಗೆ 5,550 ಬರುತ್ತದೆ. ಹೆಂಗಸರಿಗೆ ಅಂತಲೇ ಇದ್ದ ಮಹಿಳಾ ಸಮ್ಮಾನ್ ಉಳಿತಾಯ ಪತ್ರದ ಬಗ್ಗೆ ಈಗಲೂ ಕೇಳುವವರಿದ್ದಾರೆ. ಅದು 2025ರ ಮಾರ್ಚ್ 31ಕ್ಕೆ ಮುಗಿಯಿತು, ಹೊಸದಾಗಿ ತೆಗೆದುಕೊಳ್ಳಲು ಬರುವುದಿಲ್ಲ.

ಮೊತ್ತವೇ ಇಲ್ಲದೆ ದುಡಿದು ಉಳಿಸುವವರಿಗೆ ಅಟಲ್ ಪಿಂಚಣಿ. ನಮ್ಮ ಮನೆಗೆ ಜೋಳದ ರೊಟ್ಟಿ ಕೊಡುವ ಹೆಣ್ಣುಮಗಳಿಗೆ 30 ವರ್ಷ, ಮನೆಯಲ್ಲೇ ಕಟಕ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅವಳನ್ನು ಇದಕ್ಕೆ ಸೇರಿಸಿದ್ದು ಅವ್ವ, ನಾನಲ್ಲ. 18ರಿಂದ 40 ವರ್ಷದೊಳಗೆ ಸೇರಬೇಕು, 60ರ ನಂತರ ತಿಂಗಳಿಗೆ 1000ದಿಂದ 5000ದವರೆಗೆ ನಾವು ಆರಿಸಿಕೊಂಡಷ್ಟು ಪಿಂಚಣಿ ಬರುತ್ತದೆ. 5000ಕ್ಕೆ 30ರ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 577 ಕಟ್ಟಬೇಕು. 18ರಲ್ಲೇ ಸೇರಿದವರಿಗೆ 210 ಸಾಕು, 35ರಲ್ಲಿ 902, 40ರಲ್ಲಿ 1,454. ಪ್ರತಿ ವರ್ಷ ತಡ ಮಾಡಿದಷ್ಟೂ ಕಂತು ಏರುತ್ತದೆ ಅನ್ನುವುದು ಇದರಲ್ಲೇ ಕಾಣುತ್ತದೆ. ಅವಳು ತೀರಿಕೊಂಡರೆ ಅದೇ ಪಿಂಚಣಿ ಗಂಡನಿಗೆ, ಇಬ್ಬರೂ ಹೋದ ಮೇಲೆ ನಾಮಿನಿಗೆ 8.5 ಲಕ್ಷ. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರಿಗೆ ಇದರಲ್ಲಿ ಸೇರಲು ಅವಕಾಶ ಇಲ್ಲ, ಅಂದರೆ ಇದು ನಿಜಕ್ಕೂ ಕೂಲಿ ನಾಲಿ ಮಾಡುವವರಿಗೇ ಇರುವ ಯೋಜನೆ.

ದುಡ್ಡು ಅವಳ ಉಳಿತಾಯ ಖಾತೆಯಿಂದ ತಾನೇ ಕಡಿತ ಆಗುತ್ತದೆ. ಗೃಹಲಕ್ಷ್ಮಿಯ 2000 ಬರುವ ಖಾತೆಯನ್ನೇ ಜೋಡಿಸಿದ್ದಾಳೆ. ಒಳ್ಳೆಯ ಉಪಾಯ, ಆದರೆ ಗೃಹಲಕ್ಷ್ಮಿ ಕಂತು ಕೆಲವು ಸಲ ತಡವಾಗುತ್ತದೆ, ಆಗ ಖಾತೆ ಖಾಲಿ ಇದ್ದರೆ ಕಡಿತ ಆಗದೆ ಬಾಕಿ ಬೀಳುತ್ತದೆ. ಎರಡು ಮೂರು ತಿಂಗಳ ಕಂತಿನಷ್ಟು ಯಾವಾಗಲೂ ಖಾತೆಯಲ್ಲಿ ಬಿಡು ಅಂತ ಅವ್ವ ಹೇಳಿಟ್ಟಿದ್ದಾಳೆ. ಈ ಯೋಜನೆಯ ದೊಡ್ಡ ಕೊರತೆಯನ್ನೂ ಮುಚ್ಚಿಡಬಾರದು. 5000 ಅನ್ನುವುದು 5000ವೇ, ಬೆಲೆ ಏರಿದಂತೆ ಏರುವುದಿಲ್ಲ. ವರ್ಷಕ್ಕೆ ಶೇ 6ರಂತೆ ಬೆಲೆ ಏರುತ್ತಾ ಹೋದರೆ 30 ವರ್ಷದ ನಂತರದ 5000 ಇವತ್ತಿನ 870 ರೂಪಾಯಿಗೆ ಸಮ. ಹೀಗಾಗಿ ಇದೊಂದೇ ಸಾಕಾಗುವುದಿಲ್ಲ. ರೊಟ್ಟಿ ದರ ಏರಿದಾಗಲೆಲ್ಲ ಏರಿದ್ದರಲ್ಲಿ ಸ್ವಲ್ಪವನ್ನು ಅಂಚೆ ಕಚೇರಿಯ ಆರ್‌ಡಿಗೆ, ಅಂದರೆ ತಿಂಗಳ ಕಂತಿನ ಠೇವಣಿಗೆ ಹಾಕು ಅಂತ ನಾನು ಹೇಳಿದೆ. ತಿಂಗಳಿಗೆ 100 ರೂಪಾಯಿಯಿಂದಲೂ ಆರ್‌ಡಿ ಮಾಡಬಹುದು. ಈಗ ಮಾಡಿದ್ದಾಳೆ.

ನನ್ನದು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಮತ್ತು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ). ಪಿಪಿಎಫ್ ಬಗ್ಗೆ ಹೆಚ್ಚಿಗೆ ಹೇಳುವುದೇನಿಲ್ಲ, 15 ವರ್ಷ, ವರ್ಷಕ್ಕೆ 500ರಿಂದ 1.5 ಲಕ್ಷ, ಬಡ್ಡಿಗೆ ತೆರಿಗೆ ಇಲ್ಲ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿ ಸಿಗುತ್ತದೆ, 6ಕ್ಕೆ ಕಟ್ಟಿದರೆ ಇಲ್ಲ. ಇದರಲ್ಲೂ ಜಂಟಿ ಖಾತೆ ಇಲ್ಲ, ಮತ್ತೆ ಖಾತೆದಾರರ ಸಾಲಕ್ಕಾಗಿ ಕೋರ್ಟ್ ಆದೇಶ ತಂದರೂ ಈ ದುಡ್ಡನ್ನು ಜಪ್ತಿ ಮಾಡಲು ಬರುವುದಿಲ್ಲ. ಯಾರದೋ ಸಾಲಕ್ಕೆ ಜಾಮೀನು ಹಾಕಿ ಕಷ್ಟಕ್ಕೆ ಸಿಕ್ಕ ಹೆಂಗಸರನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಎನ್‌ಪಿಎಸ್ 2009ರ ಮೇ ತಿಂಗಳಿನಿಂದ ಎಲ್ಲರಿಗೂ ತೆರೆದಿದೆ, ವರ್ಷಕ್ಕೆ 1000 ಕಟ್ಟಿದರೂ ಖಾತೆ ಚಾಲೂ ಇರುತ್ತದೆ. ನಮ್ಮಂಥ ಖಾಸಗಿ ಶಾಲೆಯ ಟೀಚರ್‌ಗಳಿಗೆ ಇದು ಒಳ್ಳೆಯದು. ಸ್ವಲ್ಪ ಭಾಗ ಷೇರಿನಲ್ಲಿ ಹೋಗುವುದರಿಂದ ಬೆಲೆ ಏರಿಕೆಯ ಜೊತೆ ಓಡುವ ಶಕ್ತಿ ಇದೆ, ಆದರೆ ಕೆಲವು ವರ್ಷ ಕೆಳಗೂ ಬರುತ್ತದೆ, ಆಗ ಅಂಜಿ ನಿಲ್ಲಿಸಬಾರದು. 2025ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು. ಸರ್ಕಾರಿ ನೌಕರರಲ್ಲದವರು 60ಕ್ಕೆ ಶೇ 80ರಷ್ಟನ್ನು ಒಟ್ಟಿಗೆ ತೆಗೆಯಬಹುದು, ಶೇ 20ರಷ್ಟರಿಂದ ಪಿಂಚಣಿ ಕೊಂಡರೆ ಸಾಕು. ಮೊದಲು ಶೇ 40ರಷ್ಟನ್ನು ಪಿಂಚಣಿಗೆ ಹಾಕಲೇಬೇಕಿತ್ತು. ಎಲ್ಲರೂ ಇದನ್ನು ಸಿಹಿ ಸುದ್ದಿ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಶೇ 80 ಒಟ್ಟಿಗೆ ಬಂದರೆ ಅದು ಮತ್ತೆ ಗಂಟೇ, ಮನೆಯಲ್ಲಿ ಅದಕ್ಕೆ ಹತ್ತು ಕೆಲಸ ಕಾದಿರುತ್ತವೆ. ನಾನು ಅರ್ಧಕ್ಕಾದರೂ ಪಿಂಚಣಿ ಕೊಳ್ಳುತ್ತೇನೆ, ಉಳಿದದ್ದನ್ನು ಅವ್ವನ ಹಾಗೆ ಹಿರಿಯ ನಾಗರಿಕರ ಯೋಜನೆಗೆ ಹಾಕುತ್ತೇನೆ. ಶೇ 20 ಅನ್ನುವುದು ಕನಿಷ್ಠ, ಅದಕ್ಕಿಂತ ಜಾಸ್ತಿಗೆ ಪಿಂಚಣಿ ಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಖಾತೆ ತೆರೆಯಲು ಹೋಗುವವರು ಆಧಾರ್, ಪ್ಯಾನ್, ಫೋಟೋ, ಚೆಕ್ ಪುಸ್ತಕ ತೆಗೆದುಕೊಂಡು ಹೋಗಿ. ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ನಗದು ನಡೆಯುತ್ತದೆ, ಮೇಲಿದ್ದರೆ ಚೆಕ್ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ತವರಿನ ಹೆಸರು, ಗಂಡನ ಮನೆಯ ಹೆಸರು ಅಂತ ನಮ್ಮಲ್ಲಿ ಇದು ಬಹಳ. ತಿಂಗಳ ಮೊದಲ ವಾರ, ಸೋಮವಾರ ಜನ ಜಾಸ್ತಿ ಇರುತ್ತಾರೆ, ವಾರದ ನಡುವೆ ಊಟದ ಹೊತ್ತಿಗಿಂತ ಮುಂಚೆ ಹೋದರೆ ಕೂತು ಮಾತಾಡಿ ಕೇಳಬಹುದು. ಕೇಳಿ, ತಿಳಿಯದಿದ್ದರೆ ಮತ್ತೆ ಕೇಳಿ. ಪಾಸ್‌ಬುಕ್ ಅವರ ಟ್ರಂಕಿನಲ್ಲೋ ಕಪಾಟಿನಲ್ಲೋ ಅವರದೇ ಜಾಗದಲ್ಲಿರಲಿ.

ಐದು ವರ್ಷ ಮುಗಿದ ಮೇಲೆ ಮತ್ತೆ ಮೂರು ವರ್ಷ ಮುಂದುವರಿಸಬಹುದು, ಆಗಿನ ದರ ಎಷ್ಟಿದೆಯೋ ಅಷ್ಟು ಬಡ್ಡಿ. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಅವ್ವ ಈಗಲೇ ತೀರ್ಮಾನ ಮಾಡಿದ್ದಾಳೆ. 8 ಲಕ್ಷದ್ದು ಮುಂದುವರಿಯಬೇಕು, 4 ಲಕ್ಷದ್ದರಲ್ಲಿ ಒಂದು ಲಕ್ಷ ತೆಗೆದು ತನ್ನ ಹಲ್ಲು ಕಟ್ಟಿಸಿಕೊಂಡು, ಉಳಿದದ್ದನ್ನು ಮತ್ತೆ ಹೊಸ ಖಾತೆಗೆ ಹಾಕಬೇಕು ಅಂತ. ಅಣ್ಣನಿಗೂ ನನಗೂ ಹೇಳಿಯಾಗಿದೆ.